ಮ್ಯೂನಿಕ್ ಡ್ಯೂಟಿ ಡೈರಿ – 17: ಪಂಕ್ಚರ್ ಆಗದ ಟೈರ್ ಇದೆಯಾ?

ಈ ವಾರ ವಾರ್ಡಿನ ಕಥೆ ಇಲ್ಲ, ಸೈಕಲ್ ಕಥೆ. ಕಾರಣ ಎರಡು. ಒಂದು, ಫೋನ್ ಮಾಡಿದಾಗಲೆಲ್ಲ ಮಾವ "ಜರ್ಮನಿಗೆ ಹೋಗಿಯೂ ಸೈಕಲ್ಲೇನಮ್ಮಾ?" ಅಂತ ಕೇಳ್ತಾರೆ. ಎರಡು, ನಮ್ಮ ಚಳ್ಳಕೆರೆ ಕಡೆಯ ಇಬ್ಬರು ಹುಡುಗಿಯರು ಬಿ2 ಪರೀಕ್ಷೆ ಪಾಸಾಗಿ ಇಲ್ಲಿಗೆ ಬರೋ ತಯಾರಿಯಲ್ಲಿದ್ದಾರೆ. ಬಂದ ಮೇಲೆ ಅವರೂ ಒಂದು ಹಳೇ ಸೈಕಲ್ ತಗೊಳ್ಳೋದು ಗ್ಯಾರಂಟಿ. ಅವರಿಗೆ ಉಪಯೋಗ ಆಗಲಿ ಅಂತ ಬರೀತಿದ್ದೀನಿ.

ಮಾವ, ಮೊದಲು ನಿಮಗೆ ಉತ್ತರ. ಬೆಳಗಿನ ಪಾಳಿ 6 ಗಂಟೆಗೆ. ಭಾನುವಾರ ನಮ್ಮ ಬೀದಿಗೆ ಮೊದಲ ಬಸ್ ಬರೋ ಹೊತ್ತಿಗೆ ನಾನು ವಾರ್ಡಿನಲ್ಲಿ ಇರಬೇಕು. ಕಾರು, ಇನ್ಶೂರೆನ್ಸ್, ಪಾರ್ಕಿಂಗ್ ಅಂತ ಹೋದರೆ ಊರಿಗೆ ಕಳಿಸೋಕೆ ಏನೂ ಉಳಿಯಲ್ಲ. 6 ಕಿಲೋಮೀಟರ್ ದೂರ, ಸೈಕಲ್‌ನಲ್ಲಿ 25 ನಿಮಿಷ. ಆದರೆ ಆ ಸೈಕಲ್ ಕೈ ಕೊಡಬಾರದು.

ಎರಡು ವರ್ಷದ ಹಿಂದೆ ಜನವರಿಯಲ್ಲಿ ಕೊಟ್ಟಿತು. ಕತ್ತಲು, ಕೊರೆಯೋ ಚಳಿ, ಅರ್ಧ ದಾರಿಯಲ್ಲಿ ಹಿಂದಿನ ಚಕ್ರ ಠುಸ್. 3 ಕಿಲೋಮೀಟರ್ ತಳ್ಳಿಕೊಂಡು ಹೋದೆ. ನಾನು ಹೋಗಿ ಚಾರ್ಜ್ ತಗೊಳ್ಳೋವರೆಗೂ ರಾತ್ರಿ ಪಾಳಿಯವಳು ಹೊರಡೋ ಹಾಗಿಲ್ಲ. ಅವಳಿಗೆ ಮನೆಯಲ್ಲಿ ಚಿಕ್ಕ ಮಗು. ಅರ್ಧ ಗಂಟೆ ಕಾದಳು, ಒಂದು ಮಾತೂ ಅನ್ನಲಿಲ್ಲ. ಬೈದಿದ್ರೆ ವಾಸಿ ಇತ್ತು ಅನಿಸಿತು. ಆ ತಿಂಗಳ ಸಂಬಳ ಬಂದ ಕೂಡಲೇ ಟೈರ್ ವಿಚಾರ ಓದೋಕೆ ಕೂತೆ.

ನಮ್ಮೂರಲ್ಲಿ ಪಂಕ್ಚರ್ ಅಂದ್ರೆ ಜಾಲಿ ಮುಳ್ಳು. ಇಲ್ಲಿ ಬೇರೆ. ಹೊಸ ವರ್ಷದ ರಾತ್ರಿ ಒಡೆದ ಬಾಟಲಿ ಚೂರು ಒಂದು. ಹಿಮ ಬಿದ್ದಾಗ ಜಾರದಿರಲಿ ಅಂತ ದಾರಿಗೆ ಚೆಲ್ಲೋ ಚೂಪು ಜಲ್ಲಿ ಇನ್ನೊಂದು. ಮೂರನೆಯದು ಗಾಳಿ ಕಮ್ಮಿ ಇರೋದು. ಮೆತ್ತಗಿರೋ ಟೈರ್ ಫುಟ್‌ಪಾತ್ ಅಂಚಿಗೆ ಬಡಿದರೆ ಟ್ಯೂಬು ರಿಮ್ಮಿಗೆ ಸಿಕ್ಕಿ ಹಾವು ಕಚ್ಚಿದ ಹಾಗೆ ಅಕ್ಕಪಕ್ಕ ಎರಡು ತೂತು ಬೀಳುತ್ತೆ. ಇದಕ್ಕೆ ಎಂಥ ದುಬಾರಿ ಟೈರೂ ಔಷಧಿ ಅಲ್ಲ, ಗಾಳಿ ತುಂಬಿಸೋದೇ ಔಷಧಿ.

ಟೈರ್ ಕಂಪನಿಯವರು ಚುಚ್ಚೋದನ್ನ ತಡೆಯೋದು ಮುಖ್ಯವಾಗಿ ಎರಡು ರೀತಿ. ಒಂದು, ನೆಲಕ್ಕೆ ತಾಗೋ ರಬ್ಬರ್ ಕೆಳಗೆ ಇನ್ನೊಂದು ದಪ್ಪ ರಬ್ಬರ್ ಪದರ. ಶ್ವಾಲ್ಬೆ ಕಂಪನಿಯ ಮ್ಯಾರಥಾನ್ ಪ್ಲಸ್‌ನಲ್ಲಿ ಈ ಪದರ 5 ಮಿಲಿಮೀಟರ್ ಇದೆ. ಡ್ರಾಯಿಂಗ್ ಪಿನ್ ಚುಚ್ಚಿದರೂ ಟ್ಯೂಬಿಗೆ ಮುಟ್ಟಲ್ಲ. ಎರಡು, ಕೆವ್ಲಾರ್ ಥರದ ಗಟ್ಟಿ ನೂಲಿನ ಒತ್ತಾದ ನೇಯ್ಗೆ. ಇದು ಹಗುರ. ರೇಸ್ ಸೈಕಲ್ ಥರದ ತೆಳು ಚಕ್ರ ಇರೋರು ಕಾಂಟಿನೆಂಟಲ್ ಕಂಪನಿಯ ಗೇಟರ್‌ಸ್ಕಿನ್ ಥರದ್ದು ಹಾಕಿಸ್ತಾರೆ. ಗಾಳಿಯೇ ಬೇಡದ ಗಟ್ಟಿ ಟೈರೂ ಇದೆ. ನಾನು ಒಂದು ರೌಂಡ್ ಹೊಡೆದು ನೋಡಿದೆ, ಎತ್ತಿನಗಾಡಿಯಲ್ಲಿ ಕೂತ ಹಾಗೆ ಸೊಂಟ ಹಿಡಿಯಿತು. ವಾರ್ಡಿನಲ್ಲಿ ರೋಗಿಗಳನ್ನ ಎತ್ತಿ ಇಳಿಸೋ ಸೊಂಟ ಇದು, ಬೇಡ ಅಂದೆ.

ನಾನು ಹಾಕಿಸಿದ್ದು ಮ್ಯಾರಥಾನ್ ಪ್ಲಸ್, ಹಿಂದೆ ಮುಂದೆ ಎರಡಕ್ಕೂ. ಭಾರ ಬೀಳೋದು ಹಿಂದಕ್ಕೆ, ಪಂಕ್ಚರ್ ಜಾಸ್ತಿ ಆಗೋದೂ ಹಿಂದಕ್ಕೇ. ಆದರೆ ತಿರುವಿನಲ್ಲಿ ಮುಂದಿನ ಚಕ್ರದ ಗಾಳಿ ಹೋದರೆ ಬೀಳೋದು ನಾವು. ಎರಡಕ್ಕೂ ಸೇರಿ ಸುಮಾರು 80 ಯೂರೋ ಆಯ್ತು. ಅಮ್ಮಾ, ಲೆಕ್ಕ ಹಾಕಿ ಗಾಬರಿ ಆಗಬೇಡ. ಇಲ್ಲಿ ಅಂಗಡಿಯಲ್ಲಿ ಒಂದು ಪಂಕ್ಚರ್‌ಗೆ ನಾನು ಕೊಟ್ಟಿದ್ದೇ 20 ಯೂರೋ.

ಕೊರತೆಯನ್ನೂ ಹೇಳಿಬಿಡ್ತೀನಿ. ಒಂದೊಂದು ಟೈರ್ ಹತ್ತಿರ ಹತ್ತಿರ 900 ಗ್ರಾಂ, ಏರಿನಲ್ಲಿ ಕಾಲಿಗೆ ಗೊತ್ತಾಗುತ್ತೆ. ರಿಮ್ಮಿಗೆ ಕೂರಿಸೋಕೆ ಬೆರಳು ನೋಯುತ್ತೆ. ವಾಲ್ವ್ ಎದುರಿನ ಕಡೆಯಿಂದ ಶುರು ಮಾಡಿ, ವಾಲ್ವ್ ಹತ್ತಿರ ಮುಗಿಸಿ. ಟೈರಿನ ಅಂಚನ್ನು ರಿಮ್ಮಿನ ನಡು ತಗ್ಗಿಗೆ ತಳ್ಳುತ್ತಾ ಹೋದರೆ ಕೂರುತ್ತೆ.

ಹುಡುಗಿಯರೇ, ಅಂಗಡಿಗೆ ಹೋಗೋ ಮೊದಲು ಹಳೇ ಟೈರಿನ ಪಕ್ಕದಲ್ಲಿರೋ ನಂಬರ್ ಫೋಟೋ ತೆಗೆದುಕೊಳ್ಳಿ. ನನ್ನದು 37-622. 37 ಅಂದ್ರೆ ಅಗಲ, 622 ಅಂದ್ರೆ ಟೈರ್ ಕೂರೋ ಜಾಗದಲ್ಲಿ ರಿಮ್ಮಿನ ಅಳತೆ, ಎರಡೂ ಮಿಲಿಮೀಟರ್. ಎರಡನೇ ನಂಬರ್ ಸರಿಯಾಗಿ ಹೊಂದಲೇಬೇಕು. ಪಕ್ಕದಲ್ಲಿ ಬೆಳಕಿಗೆ ಹೊಳೆಯೋ ಪಟ್ಟಿ ಇರೋದನ್ನೇ ಕೇಳಿ, ಕತ್ತಲಲ್ಲಿ ಕಾರಿನವರಿಗೆ ಕಾಣ್ತೀರ. ಮೀಟರ್ ಇರೋ ಪಂಪು ಒಂದು ತಗೊಳ್ಳಿ. ಎಷ್ಟರಿಂದ ಎಷ್ಟರವರೆಗೆ ಗಾಳಿ ಅಂತ ಟೈರ್ ಮೇಲೆಯೇ ಬರೆದಿರುತ್ತೆ. ನಾನು 4 ಬಾರ್ ಇಡ್ತೀನಿ.

ಪಂಕ್ಚರ್ ಆಗೋದೇ ಇಲ್ಲ ಅಂತಲ್ಲ. ನಾವು ಸೂಜಿ ಹಾಕೋ ಹಳದಿ ಡಬ್ಬಿ ಕೂಡ ಚುಚ್ಚೋದನ್ನ ತಡೆಯುತ್ತೆ ಅಂತಲೇ ಇರೋದು, ಆದರೂ ಅದನ್ನ ಅದುಮಿ ತುಂಬಿಸಲ್ಲ. ಗಾಜಿನ ಚೂರು ಬಹಳ ಸಲ ಒಂದೇ ದಿನಕ್ಕೆ ಒಳಗೆ ಹೋಗಲ್ಲ. ಟೈರಿನಲ್ಲಿ ಕಚ್ಚಿಕೊಂಡು, ಚಕ್ರ ಸುತ್ತಿದ ಹಾಗೆಲ್ಲ ಸ್ವಲ್ಪ ಸ್ವಲ್ಪ ಒಳಗೆ ಇಳಿಯುತ್ತೆ. ಅದಕ್ಕೆ ಪ್ರತಿ ಭಾನುವಾರ ಚಕ್ರ ನಿಧಾನ ತಿರುಗಿಸಿ, ಬೆಳಕು ಹಿಡಿದು ನೋಡಿ, ಸಿಕ್ಕಿದ್ದನ್ನ ಚಿಮುಟದಲ್ಲಿ ತೆಗೀತೀನಿ. ಎರಡು ಚಳಿಗಾಲ ಆಯ್ತು, ಇನ್ನೂ ದಾರಿಯಲ್ಲಿ ಇಳಿದಿಲ್ಲ.

ಅಪ್ಪಾ, ಇದನ್ನ ಓದ್ತಿದ್ರೆ ನಿನಗೂ ಒಂದು ಮಾತು. ಸಕ್ಕರೆ ಕಾಯಿಲೆಯವರ ಪಾದವೂ ಹೀಗೇ. ಮುಳ್ಳು ಚುಚ್ಚಿದ್ದು ಗೊತ್ತೇ ಆಗಲ್ಲ, ಗೊತ್ತಾಗೋ ಹೊತ್ತಿಗೆ ಹುಣ್ಣಾಗಿರುತ್ತೆ. ಪಾದಕ್ಕೆ ವಾರಕ್ಕೊಮ್ಮೆ ಸಾಲದು, ದಿನಾ ರಾತ್ರಿ ನೋಡಬೇಕು. ಹೊಲಕ್ಕೆ ಬರಿಗಾಲಲ್ಲಿ ಹೋಗಬೇಡ, ಆ ದಪ್ಪ ಚಪ್ಪಲಿ ಹಾಕ್ಕೋ. ಅಮ್ಮಾ, ಇವತ್ತು ನೋಡಿ ಫೋನ್ ಮಾಡು. ನನ್ನದು ಮಧ್ಯಾಹ್ನದ ಪಾಳಿ, ಬೆಳಿಗ್ಗೆ ಮನೆಯಲ್ಲೇ ಇರ್ತೀನಿ.