ಚಾಮರಾಜಪೇಟೆಯ ಪಿಂಕ್ ಫ್ಲಾಯ್ಡ್

ಚಾಮರಾಜಪೇಟೆಯ ನನ್ನ ಅಜ್ಜಿಮನೆಗೆ ಪ್ರತಿ ಭಾನುವಾರ ಹತ್ತು ಗಂಟೆಯ ಹೊತ್ತಿಗೆ ಒಂದು ಯೆಜ್ಡಿ ಬೈಕ್ ಬರುತ್ತಿತ್ತು. ಉಮಾ ಟಾಕೀಸ್ ಕಡೆಯ ತಿರುವಿನಲ್ಲೇ ಅದರ ಸದ್ದು ಕೇಳಿಸುತ್ತಿತ್ತು. ಅಜ್ಜಿ ಅಡುಗೆಮನೆಯಿಂದಲೇ, "ಮಲ್ಲೇಶ್ವರ ಬಂತು ನೋಡು, ಇನ್ನೊಂದು ಲೋಟ ಕಾಫಿ ಬೆರೆಸಬೇಕು" ಅನ್ನುತ್ತಿದ್ದರು. ಮಲ್ಲೇಶ್ವರ ಎಂದರೆ ನನ್ನ ಸೋದರಮಾವನ ಗೆಳೆಯರು. ಅವರಿಗೆ ಬೇರೆ ಹೆಸರಿದ್ದರೂ ಆ ಮನೆಯಲ್ಲಿ ಅವರು ಇರುವ ಬಡಾವಣೆಯೇ ಅವರ ಹೆಸರಾಗಿತ್ತು. ನನಗೆ ಮಾತ್ರ ಅಂಕಲ್.

ನಾವಿದ್ದದ್ದು ಗಾಂಧಿ ಬಜಾರಿನ ಹತ್ತಿರ. ಭಾನುವಾರ ಅಮ್ಮನ ಜೊತೆ ನಡೆದೇ ತಾತನ ಮನೆಗೆ ಹೋಗುತ್ತಿದ್ದೆ. ಮಹಡಿಯ ಮೇಲಿನ ಮಾಮನ ಕೋಣೆಯಲ್ಲಿ ಒಂದು ಟೇಪ್ ರೆಕಾರ್ಡರ್, ಎರಡು ಬೆತ್ತದ ಕುರ್ಚಿ, ಗೋಡೆಯ ಗೂಡಿನ ತುಂಬ ಕ್ಯಾಸೆಟ್ಟುಗಳು. ಹೆಚ್ಚಿನವು ಯಾರದೋ ರೆಕಾರ್ಡಿನಿಂದ ತುಂಬಿಸಿಕೊಂಡವು. ತೊಂಬತ್ತು ನಿಮಿಷದ ಕ್ಯಾಸೆಟ್ಟಿನ ಒಂದು ಮಗ್ಗುಲಿಗೆ ಒಂದು ಇಡೀ ಆಲ್ಬಮ್ ಸರಿಯಾಗಿ ಕೂರುತ್ತಿತ್ತು. ಹಾಗಾಗಿ ಒಂದು ಕಡೆ 'ಡಾರ್ಕ್ ಸೈಡ್ ಆಫ್ ದಿ ಮೂನ್', ತಿರುಗಿಸಿದರೆ 'ವಿಶ್ ಯು ವರ್ ಹಿಯರ್'. ಹೆಸರುಗಳನ್ನು ಮಾಮ ತನ್ನ ಬ್ಯಾಂಕಿನ ಅಕ್ಷರದಲ್ಲಿ, ಲೆಡ್ಜರಿಗೆ ಬರೆದ ಹಾಗೆ ಗುಂಡಗೆ ಬರೆದಿಟ್ಟಿದ್ದ.

ನನಗಾಗ ಎಂಟು ವರ್ಷ. ಅವರಿಬ್ಬರೂ ಜಗಳವಾಡುತ್ತಿದ್ದಾರೆ ಎಂದು ಮೊದಮೊದಲು ಹೆದರಿದ್ದೆ. ಅಷ್ಟು ಗಟ್ಟಿ ದನಿ. ಆಮೇಲೆ ತಿಳಿಯಿತು, ಜಗಳ ದಿಟವೇ, ಆದರೆ ಪ್ರತಿ ವಾರವೂ ಅದೇ ಜಗಳ. ಪಿಂಕ್ ಫ್ಲಾಯ್ಡ್‌ನ ಮೊದಲಿನ ಹಾಡುಗಳು ಮೇಲೋ, ಆಮೇಲಿನವೋ?

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಇಂಗ್ಲೆಂಡಿನ ಈ ಬ್ಯಾಂಡಿನ ಮೊದಲ ಆಲ್ಬಮ್ ಬಂದದ್ದು 1967ರಲ್ಲಿ. ಅದರ ಹಾಡುಗಳಲ್ಲಿ ಬಹುಪಾಲು ಸಿಡ್ ಬ್ಯಾರೆಟ್ ಎಂಬ ಹುಡುಗ ಬರೆದವು. ಕುಬ್ಜ, ಬೆರ್ಚಪ್ಪ, ಸೈಕಲ್ಲು, ಹೀಗೆ ಶಿಶುಗೀತೆಯಂಥ ವಸ್ತುಗಳು. ಆದರೆ ಯಾವ ಶಿಶುಗೀತೆಯೂ ತಿರುಗದ ಕಡೆಗೆ ತಿರುಗಿಬಿಡುವ ರಾಗಗಳು. ಮರುವರ್ಷವೇ ಸಿಡ್‌ನ ಮನಸ್ಸಿನ ಹಿಡಿತ ತಪ್ಪಿತು. ಬ್ಯಾಂಡು ಅವನನ್ನು ಬಿಟ್ಟು ಮುಂದೆ ಹೋಯಿತು. ಅವನ ಜಾಗಕ್ಕೆ ಡೇವಿಡ್ ಗಿಲ್ಮೋರ್ ಬಂದರು, ಬರವಣಿಗೆಯ ಭಾರ ಬರಬರುತ್ತ ರೋಜರ್ ವಾಟರ್ಸ್ ಹೆಗಲಿಗೆ ಬಿತ್ತು. 1973ರಲ್ಲಿ 'ಡಾರ್ಕ್ ಸೈಡ್' ಬಂದಾಗ ಜಗತ್ತೇ ಅವರ ಕಡೆ ತಿರುಗಿತು.

"ಸಿಡ್ ಹೋದ ದಿನವೇ ಆ ಬ್ಯಾಂಡ್ ಮುಗೀತು. ಆಮೇಲೆ ಬಂದಿದ್ದು ಅದೇ ಹೆಸರಿಟ್ಟುಕೊಂಡ ಬೇರೆ ಬ್ಯಾಂಡು" ಇದು ಮಾಮನ ವಾದ.

"ಹೋಗಯ್ಯ, ಶುರು ಮಾಡೋದು ಯಾರು ಬೇಕಾದರೂ ಮಾಡ್ತಾರೆ. ನಡೆಸ್ಕೊಂಡು ಹೋಗೋದಿದೆ ನೋಡು, ಅದು ಕಷ್ಟ" ಇದು ಅಂಕಲ್ ವಾದ.

ಈ ಮೊಕದ್ದಮೆಯಲ್ಲಿ ತಾತನಿಗೂ ಒಂದು ಪಾತ್ರವಿತ್ತು. ತಾತ ಪ್ರತಿ ವರ್ಷ ರಾಮನವಮಿಗೆ ಕೋಟೆ ಹೈಸ್ಕೂಲು ಮೈದಾನದ ಕಛೇರಿಗಳಿಗೆ ತಪ್ಪದೆ ಹೋಗುವವರು. 'ಶೈನ್ ಆನ್ ಯು ಕ್ರೇಜಿ ಡೈಮಂಡ್' ಹಾಡಿನಲ್ಲಿ ಮೊದಲ ಮಾತು ಬರುವ ಹೊತ್ತಿಗೆ ಎಂಟು ನಿಮಿಷ ಕಳೆದಿರುತ್ತದೆ. ತಾತ ಕೆಳಗಿನಿಂದ ಕೂಗುತ್ತಿದ್ದರು: "ಇನ್ನೂ ಶ್ರುತಿ ಸೇರಿಸ್ತಾನೇ ಇದ್ದಾರೇನೋ? ಹಾಡು ಯಾವಾಗಂತೆ?" ಒಂದು ದಿನ 'ಮನಿ' ಹಾಡು ಬರುತ್ತಿದ್ದಾಗ ಮೆಟ್ಟಿಲ ಮೇಲೆ ನಿಂತು ತೊಡೆ ತಟ್ಟತೊಡಗಿದರು. ಆ ಹಾಡು ಏಳರ ಲೆಕ್ಕದಲ್ಲಿ ನಡೆಯುತ್ತದೆ. ತಾತನಿಗೆ ಅದು ಮಿಶ್ರಛಾಪು. ನಾಣ್ಯದ ಸದ್ದು, ಹಾಡು, ಸ್ಯಾಕ್ಸೋಫೋನ್ ಎಲ್ಲಕ್ಕೂ ಸರಿಯಾಗಿ ತಟ್ಟಿದರು. ಗಿಟಾರ್ ಶುರುವಾದಾಗ ಲೆಕ್ಕ ನಾಲ್ಕಕ್ಕೆ ಬದಲಾಗುತ್ತದೆ. ತಾತನ ಕೈ ನಿಂತಿತು. "ತಾಳ ಬಿಟ್ಟುಬಿಟ್ರಲ್ಲೋ!" ಎಂದು ಮುಖ ಕಿವುಚಿದರು. ಗಿಟಾರ್ ಮುಗಿದು ಹಾಡು ಮತ್ತೆ ಏಳಕ್ಕೆ ಬಂದು ಸೇರಿದಾಗ, "ಓ, ಗೊತ್ತಿದ್ದೇ ಹೋಗಿದ್ರು" ಎಂದು ಕೆಳಗಿಳಿದರು. ಮಾಮನೂ ಅಂಕಲ್ಲೂ ಒಟ್ಟಿಗೆ ನಕ್ಕದ್ದನ್ನು ನಾನು ನೋಡಿದ್ದು ಅಂಥ ಹೊತ್ತಿನಲ್ಲಿ ಮಾತ್ರ.

ಆ ವರ್ಷಗಳಲ್ಲಿ ಜಗಳಕ್ಕೆ ಹೊಸ ಸೌದೆಯೂ ಬಿದ್ದಿತ್ತು. 1985ರಲ್ಲಿ ವಾಟರ್ಸ್ ಬ್ಯಾಂಡ್ ಬಿಟ್ಟರು. ತಾನಿಲ್ಲದೆ ಆ ಹೆಸರು ಬಳಸಬಾರದೆಂದು ಕೋರ್ಟಿಗೆ ಹೋದರು. ಕೊನೆಗೆ ಹೆಸರು ಗಿಲ್ಮೋರ್ ಮತ್ತು ಡ್ರಮ್ ನುಡಿಸುವ ನಿಕ್ ಮೇಸನ್ ಬಳಿಯೇ ಉಳಿಯಿತು. 1987ರಲ್ಲಿ ವಾಟರ್ಸ್ ಇಲ್ಲದ ಆಲ್ಬಮ್ ಬಂತು. ಅಂಕಲ್ ಅದನ್ನು ಎಲ್ಲಿಂದಲೋ ತುಂಬಿಸಿಕೊಂಡು ತಂದರು. ಮಾಮ ಎರಡು ಹಾಡು ಕೇಳಿ ಟೇಪ್ ನಿಲ್ಲಿಸಿದ.

"ಬರೆದವನೇ ಇಲ್ಲ, ಇವರ ಹತ್ರ ಇರೋದು ಬೋರ್ಡು ಮಾತ್ರ."

"ಸಿಡ್ ಹೋದಾಗ ವಾಟರ್ಸೇ ಬೋರ್ಡು ಹಿಡ್ಕೊಂಡಿದ್ದು. ಆಗ ಸರಿ, ಈಗ ತಪ್ಪಾ?"

"ಆಗಲೂ ತಪ್ಪೇ ಅಂತ ತಾನೇ ನಾನು ಹೇಳ್ತಿರೋದು!"

ಆ ದಿನ ಅಂಕಲ್ ಕಾಫಿ ಕುಡಿಯದೆ ಹೊರಟುಹೋದರು. ಹಾಡಿನ ವಿಷಯಕ್ಕೆ ಇಷ್ಟು ಕೋಪವೇ ಎಂದು ನನಗೆ ಆಶ್ಚರ್ಯ.

ಕಾರಣ ತಿಳಿದದ್ದು ಹೈಸ್ಕೂಲಿನಲ್ಲಿದ್ದಾಗ. ಬೇಸಿಗೆ ರಜೆಯಲ್ಲಿ ಅಟ್ಟ ಗುಡಿಸುವಾಗ ಒಂದು ಫೋಟೊ ಸಿಕ್ಕಿತು. ಬೆಲ್‌ಬಾಟಮ್ ತೊಟ್ಟ ನಾಲ್ವರು ಹುಡುಗರು, ಮಧ್ಯೆ ಗಿಟಾರ್ ಹಿಡಿದ ಮಾಮ, ಅವನ ಹೆಗಲ ಮೇಲೆ ಕೈಹಾಕಿದ ಅಂಕಲ್. ಅಮ್ಮನಿಗೆ ತೋರಿಸಿದೆ. ಅವಳು ದಂಟಿನ ಸೊಪ್ಪು ಬಿಡಿಸುತ್ತಿದ್ದಳು. ಕಾಲೇಜಿನಲ್ಲಿ ಮಾಮನೇ ಒಂದು ಬ್ಯಾಂಡು ಕಟ್ಟಿದ್ದನಂತೆ. ಗಿಟಾರು, ಇಂಗ್ಲಿಷ್ ಹಾಡು ಎಲ್ಲ ಕಂಟೋನ್ಮೆಂಟ್ ಕಡೆಯವರ ಸೊತ್ತು ಎಂದು ಎಲ್ಲರೂ ಅಂದುಕೊಂಡಿದ್ದ ಕಾಲ. ಈ ಸಿಟಿ ಕಡೆಯ ಹುಡುಗರು ಅದೇ ಮಹಡಿ ಕೋಣೆಯಲ್ಲಿ ಕಿಟಕಿಗೆ ಕಂಬಳಿ ಕಟ್ಟಿಕೊಂಡು ಅಭ್ಯಾಸ ಮಾಡುತ್ತಿದ್ದರಂತೆ. ಮಾಮ ಒಂದು ಕನ್ನಡ ಹಾಡನ್ನೂ ಬರೆದು ಟ್ಯೂನ್ ಹಾಕಿದ್ದನಂತೆ.

"ಆಮೇಲೆ?"

"ಆಮೇಲೇನು, 77ರಲ್ಲಿ ಬ್ಯಾಂಕಿನ ಕೆಲಸ ಸಿಕ್ತು. ತಾತ ರಿಟೈರಾಗಿದ್ರು, ಮದುವೆಗೆ ನಾನು, ನಿನ್ನ ಚಿಕ್ಕಮ್ಮ ಇಬ್ಬರು ನಿಂತಿದ್ವಿ. ದೂರದ ಊರಿಗೆ ಪೋಸ್ಟಿಂಗ್. ಗಿಟಾರ್ ಮಾರಿ ಹೋದ. ಉಳಿದವರು ಇನ್ನೂ ಮೂರು ವರ್ಷ ನಡೆಸಿದ್ರು, ಕಂಟೋನ್ಮೆಂಟಿನಲ್ಲೆಲ್ಲ ಬಾರಿಸಿದ್ರು. ಇವನು ಒಂದು ಸಲವೂ ನೋಡೋಕೆ ಹೋಗಲಿಲ್ಲ" ಎಂದಳು ಅಮ್ಮ, ಸೊಪ್ಪಿನಿಂದ ತಲೆಯೆತ್ತದೆ.

ಅದಾದ ಮೇಲೆ ಭಾನುವಾರದ ವಾದ ನನಗೆ ಬೇರೆಯಾಗಿ ಕೇಳಿಸತೊಡಗಿತು. ಸಿಡ್ ಹೋದ ಮೇಲೆ ಬ್ಯಾಂಡು ಮುಗಿಯಿತು ಎಂದು ಮಾಮ ಅಂದರೆ, ನಾನು ಹೋದ ಮೇಲೆ ನೀವು ಹೇಗೆ ನಡೆಸಿದಿರಿ ಎಂದು ಕೇಳುತ್ತಿದ್ದ. ನಡೆಸಿಕೊಂಡು ಹೋಗುವುದು ಕಷ್ಟ ಎಂದು ಅಂಕಲ್ ಅಂದರೆ, ನೀನು ಬಿಟ್ಟುಹೋದಾಗ ನಮ್ಮ ಪಾಡೇನಾಗಿತ್ತು ಗೊತ್ತಾ ಎನ್ನುತ್ತಿದ್ದರು. ಆ ಮಾರಿದ ಗಿಟಾರಿನ ದುಡ್ಡು ಅಮ್ಮನ ಮದುವೆಗೇ ಸೇರಿತೋ ಏನೋ. ಕೇಳುವ ಧೈರ್ಯ ನನಗಾಗಲಿಲ್ಲ.

ಮುಂದೆ ಕನ್ನಡ ಎಂ.ಎ. ಓದುವಾಗ ಇಂಥದೇ ವಾದ ತರಗತಿಯಲ್ಲಿ ಎದುರಾಯಿತು. 1946ರ 'ಭಾವತರಂಗ'ದ ಅಡಿಗರೋ, 1954ರ 'ಚಂಡೆಮದ್ದಳೆ'ಯ ಅಡಿಗರೋ? ಹಾಡಿಕೊಳ್ಳುವವರು ಮೊದಲಿನ ಅಡಿಗರ ಕಡೆ, ವಿಮರ್ಶೆ ಓದಿದವರು ಆಮೇಲಿನವರ ಕಡೆ. ಕವಿಯ ಮಟ್ಟಿಗೆ ಒಂದು ಅನುಕೂಲವಿದೆ. ಬಿಟ್ಟುಹೋದವನೂ ಅವನೇ, ಮುಂದೆ ನಡೆದವನೂ ಅವನೇ. ಯಾರ ಜಾಗ ಯಾರು ಕಿತ್ತುಕೊಂಡರು ಎಂಬ ನೋವಿಲ್ಲ. ಬ್ಯಾಂಡಿನಲ್ಲಿ ಹಾಗಲ್ಲ. ಅಲ್ಲಿ ಹೊಸದಾಗುವುದೆಂದರೆ ಒಬ್ಬ ಗೆಳೆಯ ಹೊರಗೆ ನಿಲ್ಲುವುದು.

ಪಿಂಕ್ ಫ್ಲಾಯ್ಡ್ ಕತೆಯಲ್ಲೇ ಇದಕ್ಕೆ ಸಾಕ್ಷಿಯಿದೆ. 1975ರ ಜೂನ್‌ನಲ್ಲಿ ಲಂಡನ್ನಿನ ಅಬ್ಬೆ ರೋಡ್ ಸ್ಟುಡಿಯೋದಲ್ಲಿ ಅವರು 'ಶೈನ್ ಆನ್' ಹಾಡಿನ ಕೆಲಸ ಮಾಡುತ್ತಿದ್ದರು. ಅದು ಸಿಡ್‌ನನ್ನು ನೆನೆದು ಕಟ್ಟಿದ ಹಾಡು. ತಲೆ, ಹುಬ್ಬು ಎರಡನ್ನೂ ಬೋಳಿಸಿಕೊಂಡ ಒಬ್ಬ ದಪ್ಪನೆಯ ಮನುಷ್ಯ ಒಳಗೆ ಬಂದು ಸುಮ್ಮನೆ ಕೂತ. ಯಾರೋ ಸ್ಟುಡಿಯೋದ ಕೆಲಸದವನಿರಬೇಕು ಎಂದುಕೊಂಡರು. ಅದು ಸಿಡ್ ಎಂದು ತಿಳಿಯಲು ತುಂಬ ಹೊತ್ತು ಹಿಡಿಯಿತು. ಯಾರಿಗಾಗಿ ಹಾಡುತ್ತಿದ್ದರೋ ಅವನೇ ಎದುರು ಬಂದರೆ ಗುರುತು ಸಿಗಲಿಲ್ಲ. ಅಂಕಲ್ ಈ ಕತೆಯನ್ನು ಎಷ್ಟೋ ಸಲ ಹೇಳಿದ್ದರು. ಹೇಳಿದಾಗಲೆಲ್ಲ ಮಾಮ ಕಿಟಕಿಯ ಕಡೆ ನೋಡುತ್ತಿದ್ದ.

2002ರಲ್ಲಿ ರೋಜರ್ ವಾಟರ್ಸ್ ಬೆಂಗಳೂರಿಗೆ ಬಂದರು. ಅಂಕಲ್ ಮೂರು ಟಿಕೆಟ್ ತಂದು, "ಪುಟ್ಟಿ, ನೀನು ಬಾ. ನಮ್ಮಿಬ್ಬರ ಮಧ್ಯೆ ಒಬ್ಬರು ಬೇಕು" ಅಂದರು. ಅರಮನೆ ಮೈದಾನದ ಧೂಳಿನಲ್ಲಿ ಸಾವಿರಾರು ಹುಡುಗರ ನಡುವೆ ಇವರಿಬ್ಬರೂ ಸ್ವೆಟರ್ ಹಾಕಿಕೊಂಡು ನಿಂತಿದ್ದರು. ಗಿಲ್ಮೋರ್ ನುಡಿಸಬೇಕಾದ ಗಿಟಾರನ್ನು ವೇದಿಕೆಯ ಮೇಲೆ ಬೇರೆಯವರು ನುಡಿಸುತ್ತಿದ್ದರು. ಅಂಕಲ್ ನನ್ನ ತಲೆಯ ಮೇಲಿಂದ ಬಾಗಿ, "ನೋಡು, ಇವನಿಗೂ ಬಿಟ್ಟವರ ಜಾಗ ತುಂಬೋಕೆ ಜನ ಬೇಕಾಯ್ತು" ಎಂದು ಮಾಮನ ಕಿವಿಯಲ್ಲಿ ಕೂಗಿದರು. ಮಾಮ ಉತ್ತರ ಕೊಡಲಿಲ್ಲ. 'ಶೈನ್ ಆನ್' ಶುರುವಾಗಿತ್ತು. ಆ ನಾಲ್ಕು ಸ್ವರ ಬಂದಾಗ ಮೈದಾನವಿಡೀ ಹೋ ಎಂದಿತು. ನಾನು ತಾತನನ್ನು ನೆನೆದೆ. ಆ ಹೊತ್ತಿಗೆ ಅವರು ತೀರಿಕೊಂಡು ಮೂರು ವರ್ಷವಾಗಿತ್ತು.

ಮುಗಿದ ಮೇಲೆ ಒಂದು ಆಟೋವೂ ಸಿಗಲಿಲ್ಲ. ಅಂಕಲ್ ಮನೆಗೇ ಹೋಗಿ ಮಲಗೋಣ ಎಂದು ಸದಾಶಿವನಗರದ ಮೂಲಕ ಮಲ್ಲೇಶ್ವರದ ಕಡೆ ನಡೆದೆವು. ಸ್ಯಾಂಕಿ ಕೆರೆಯ ಏರಿಯ ಮೇಲೆ ತಣ್ಣಗೆ ಗಾಳಿ. ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಅಂಕಲ್ ಅಂದರು:

"ನೀನು ಹೋದ ಮೇಲೂ ನಿನ್ನ ಆ ಟ್ಯೂನ್ ನಾವು ಬಿಟ್ಟಿರಲಿಲ್ಲ ಕಣಯ್ಯ. ಕಡೇ ಪ್ರೋಗ್ರಾಮ್‌ವರೆಗೂ ಬಾರಿಸಿದ್ವಿ. ಹಾಡೋಕೆ ನೀನಿರಲಿಲ್ಲ, ಅದಕ್ಕೆ ಮಾತು ಬಿಟ್ಟು ಬರೀ ಗಿಟಾರ್ ಮೇಲೆ."

"ಗೊತ್ತು" ಅಂದ ಮಾಮ. "ಎರಡನೇ ಸಾಲು ತಪ್ಪು ಬಾರಿಸ್ತಿದ್ರಿ."

ಅಂಕಲ್ ನಿಂತುಬಿಟ್ಟರು. ನಾನೂ ನಿಂತೆ. ಮಾಮ ನಾಲ್ಕು ಹೆಜ್ಜೆ ಮುಂದೆ ಹೋಗಿ ಕೆರೆಯ ಕಡೆ ತಿರುಗಿ ನಿಂತ.

"ಒಂದ್ ಸಲ ಬಂದಿದ್ದೆ. ಶನಿವಾರ. ಒಳಗೆ ಬರಲಿಲ್ಲ, ಗೇಟಿನ ಹತ್ರಾನೇ ನಿಂತಿದ್ದೆ. ರಾತ್ರಿ ಬಸ್ಸಿತ್ತು, ಹೊರಟುಬಿಟ್ಟೆ."

"ಹೇಳಬಾರದಾಗಿತ್ತೇನೋ?"

"ಏನಂತ ಹೇಳಲಿ? ನಾನಿದ್ದಾಗ ಇದ್ದದ್ದಕ್ಕಿಂತ ಚೆನ್ನಾಗಿ ಬಾರಿಸ್ತಿದ್ರಿ."

ಇಪ್ಪತ್ತೈದು ವರ್ಷದ ವಾದದಲ್ಲಿ ಮಾಮ ಸೋಲೊಪ್ಪಿಕೊಂಡ ಏಕೈಕ ಗಳಿಗೆ ಅದು. ಅಂಕಲ್ ಕನ್ನಡಕ ತೆಗೆದು ಒರೆಸಿಕೊಂಡರು. ಮತ್ತೆ ನಡೆಯತೊಡಗಿದ ಮೇಲೆ, ದನಿ ಸರಿಮಾಡಿಕೊಂಡು, "ಆದರೆ ಎರಡನೇ ಸಾಲು ತಪ್ಪಲ್ಲ. ಬೇಕು ಅಂತಲೇ ಬದಲಾಯಿಸಿದ್ದು. ಹಾಗೇ ಚೆನ್ನಾಗಿತ್ತು" ಅಂದರು.

"ಇಲ್ಲ, ಚೆನ್ನಾಗಿರಲಿಲ್ಲ."

"ನಿನಗೇನಯ್ಯ ಗೊತ್ತು, ಗೇಟಿನ ಹತ್ರ ನಿಂತು ಕೇಳಿದವನು!"

ಎಂಟನೇ ಕ್ರಾಸ್ ಮುಟ್ಟುವವರೆಗೂ ಅದೇ ನಡೆಯಿತು. ನಾನು ಹಿಂದೆ ನಗುತ್ತ, ಮೂಗೊರೆಸಿಕೊಳ್ಳುತ್ತ ನಡೆದೆ.

ಯಾವುದು ಮೇಲು ಎಂದು ನನ್ನನ್ನು ಯಾರಾದರೂ ಕೇಳಿದರೆ ನನ್ನ ಹತ್ತಿರ ಉತ್ತರವಿಲ್ಲ. 'ಶೈನ್ ಆನ್' ಸಿಡ್ ಇದ್ದಿದ್ದರೆ ಹುಟ್ಟುತ್ತಿರಲಿಲ್ಲ, ಸಿಡ್ ಇಲ್ಲದೇ ಹೋಗಿದ್ದರೂ ಹುಟ್ಟುತ್ತಿರಲಿಲ್ಲ. ಮೊದಲಿನದನ್ನು ಹಿಡಿದುಕೊಂಡವರು ಹೋದವನ ಕಡೆಯವರು, ಆಮೇಲಿನದನ್ನು ಹಿಡಿದವರು ಉಳಿದವರ ಕಡೆಯವರು. ಎರಡು ಕಡೆಯೂ ಪ್ರೀತಿಯೇ ಇರುವುದರಿಂದ ಈ ವಾದ ತೀರುವುದಿಲ್ಲ.

ಸಿಡ್ 2006ರಲ್ಲಿ ತೀರಿಕೊಂಡ, ಕೀಬೋರ್ಡ್ ನುಡಿಸುತ್ತಿದ್ದ ರಿಚರ್ಡ್ ರೈಟ್ 2008ರಲ್ಲಿ. ರೈಟ್ ಹಿಂದೆ ನುಡಿಸಿಟ್ಟದ್ದನ್ನು ಸೇರಿಸಿ 2014ರಲ್ಲಿ ಬ್ಯಾಂಡು ಇನ್ನೊಂದು ಆಲ್ಬಮ್ ತಂದಿತು. ಅದು ಬೇಕಿತ್ತೇ ಬೇಡವೇ ಎಂಬುದು ಈಗಿನ ವಾದ. ಅಂಕಲ್‌ಗೆ ಮಂಡಿನೋವು, ಬೈಕ್ ಮಾರಿ ವರ್ಷಗಳಾದವು. ಭಾನುವಾರ ಹತ್ತಕ್ಕೆ ಫೋನ್ ಬರುತ್ತದೆ. ಮಾಮ ಸ್ಪೀಕರ್ ಹಾಕಿ ಬೆತ್ತದ ಕುರ್ಚಿಯಲ್ಲಿ ಕೂರುತ್ತಾನೆ.

ಕಳೆದ ತಿಂಗಳು ನಾನು ಹೋಗಿದ್ದಾಗ, ಆ ಕನ್ನಡ ಹಾಡಿನ ಟ್ಯೂನ್ ಒಮ್ಮೆ ಗುನುಗಿ ತೋರಿಸು ಎಂದು ಮಾಮನನ್ನು ಕೇಳಿದೆ. ಮೊದಲ ಸಾಲು ಸಲೀಸಾಗಿ ಬಂತು. ಎರಡನೆಯದನ್ನು ಗುನುಗಿ ನಿಲ್ಲಿಸಿದ. ಇನ್ನೊಮ್ಮೆ ಗುನುಗಿದ, ಬೇರೆ ಥರ. ಹುಬ್ಬು ಗಂಟಿಕ್ಕಿ ಕೂತ.

"ಇದು ನಾನು ಮಾಡಿದ್ದೋ, ಅವನು ಬದಲಾಯಿಸಿದ್ದೋ, ಈಗ ಗೊತ್ತಾಗ್ತಿಲ್ಲ ಪುಟ್ಟಿ" ಎಂದು ಫೋನ್ ಕೈಗೆತ್ತಿಕೊಂಡ. ಅಂದು ಭಾನುವಾರವೂ ಆಗಿರಲಿಲ್ಲ.