ಕಂಪ್ಯೂಟರ್ ಕಲಿತ ಮಗಳೂ ಹಣಕಾಸಿನ ಉದ್ಯೋಗವೂ



ನಮ್ಮ ಶಾಲೆಯಲ್ಲಿ ಓದಿ ಹೋದ ಹುಡುಗಿಯರಲ್ಲಿ ಅನೇಕರು ಈಚೆಗೆ ಕಂಪ್ಯೂಟರ್ ವಿಜ್ಞಾನದಲ್ಲಿ ಇಂಜಿನಿಯರಿಂಗ್ ಪದವಿಯನ್ನು ಪಡೆದಿರುತ್ತಾರೆ. ಪದವಿಯು ಕೈಗೆ ಬಂದ ಮೇಲೆ ಕೆಲವರು, ತಮಗೆ ಬ್ಯಾಂಕು, ವಿಮೆ, ಬಂಡವಾಳ ಮುಂತಾದ ಹಣಕಾಸಿನ ಕೆಲಸದಲ್ಲಿಯೇ ಮನಸ್ಸು ಎಂದು ಹೇಳುವದುಂಟು. ಆಗ ಮನೆಯವರಿಗೆ ಕಳವಳವಾಗುವದು ಸಹಜ. ತೋಟದ ಮೇಲೆ ಸಾಲವೆತ್ತಿ ಮಗಳನ್ನು ಓದಿಸಿದ ತಂದೆಯೊಬ್ಬರು ನಮ್ಮಲ್ಲಿಗೆ ಬಂದು, “ಬೀಗ ಮಾಡುವದನ್ನು ಕಲಿತವಳು ಪೆಟ್ಟಿಗೆ ಕಾಯಲು ಹೋಗುತ್ತೇನೆನ್ನುತ್ತಾಳೆ, ಟೀಚರಮ್ಮಾ, ನಾಲ್ಕು ವರುಷದ ಖರ್ಚು ನೀರಿಗೆ ಹೋಯಿತೇ?” ಎಂದು ಕೇಳಿದರು. ಈ ಪ್ರಶ್ನೆಯು ಅವರೊಬ್ಬರದಲ್ಲ. ಆದಕಾರಣ ಅದಕ್ಕೆ ಇಲ್ಲಿಯೇ ಉತ್ತರವನ್ನು ಬರೆಯುತ್ತೇವೆ.

ಒಂದು ವಿದ್ಯೆಯನ್ನು ಕಲಿತು ಹಣಕಾಸಿನ ಕಡೆಗೆ ತಿರುಗುವದು ನಮ್ಮ ನಾಡಿಗೆ ಹೊಸತಲ್ಲ. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕಿನ ಮೂಲವಾದ ನಿಧಿಯನ್ನು ಸ್ಥಾಪಿಸಿದ ಅಮ್ಮೆಂಬಳ ಸುಬ್ಬರಾವ್ ಪೈಯವರು ವಕೀಲರು; ಅದಕ್ಕೂ ಮುಂಚೆ 1894ರಲ್ಲಿ ಹೆಣ್ಣುಮಕ್ಕಳ ಶಾಲೆಯನ್ನು ತೆರೆದವರೂ ಅವರೇ. 1913ರಲ್ಲಿ ಮೈಸೂರು ಬ್ಯಾಂಕು ಹುಟ್ಟಲು ಕಾರಣರಾದ ವಿಶ್ವೇಶ್ವರಯ್ಯನವರು ಇಂಜಿನಿಯರು. ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾದ ಸಂಸ್ಥೆಯನ್ನು 1925ರಲ್ಲಿ ಉಡುಪಿಯಲ್ಲಿ ಆರಂಭಿಸಿದ ಮೂವರಲ್ಲಿ ಟಿ. ಎಂ. ಎ. ಪೈಯವರು ವೈದ್ಯರು, ವಾಮನ ಶ್ರೀನಿವಾಸ ಕುಡ್ವರು ಇಂಜಿನಿಯರು, ಉಪೇಂದ್ರ ಅನಂತ ಪೈಯವರು ವ್ಯಾಪಾರಿಗಳು. 1928ರಲ್ಲಿ ಅವರ ಬ್ಯಾಂಕು ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆಯಷ್ಟು ಕಿರುಹಣವನ್ನು ಕೂಡಿಸುವ ಪಿಗ್ಮಿ ಠೇವಣಿಯನ್ನು ಪ್ರಾರಂಭಿಸಿತು. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಪಿಗ್ಮಿ ಎಂಬ ಮಾತಾದರೋ ಜನರ ಬಾಯಲ್ಲಿ ಉಳಿದಿದೆ. ನಮ್ಮ ಕಾಲದವರಾದ ಕೆ. ವಿ. ಕಾಮತರು ಸುರತ್ಕಲ್ಲಿನಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿ, ಅಹಮದಾಬಾದಿನಲ್ಲಿ ಆಡಳಿತ ವಿದ್ಯೆಯನ್ನು ಕಲಿತು, 1971ರಲ್ಲಿ ಐಸಿಐಸಿಐ ಸಂಸ್ಥೆಯನ್ನು ಸೇರಿದರು. 2015ರಲ್ಲಿ ಬ್ರಿಕ್ಸ್ ದೇಶಗಳ ಬ್ಯಾಂಕಿಗೆ ಪ್ರಥಮ ಅಧ್ಯಕ್ಷರಾದರು.

ಇನ್ನು ಕಂಪ್ಯೂಟರ್ ವಿದ್ಯೆಯ ವಿಷಯ. ಈಗ ಬ್ಯಾಂಕಿನ ಖಾತೆಪುಸ್ತಕವೆಲ್ಲವೂ ಕಂಪ್ಯೂಟರಿನಲ್ಲಿಯೇ ಇರುವದು. 2016ರಲ್ಲಿ ಯುಪಿಐ ಪದ್ಧತಿಯು ಬಂದಂದಿನಿಂದ ಸಂತೆಯಲ್ಲಿ ಸೊಪ್ಪು ಮಾರುವಾಕೆಯ ಕೈಗೂ ಹಣವು ಮೊಬೈಲಿನ ಮೂಲಕ ಬರುತ್ತಿದೆ. ಮೋಸದ ವ್ಯವಹಾರವನ್ನು ಕೂಡಲೇ ಗುರುತಿಸುವದು, ಸಾಲವು ಮರಳಿ ಬರುವದೋ ಎಂದು ಅಂದಾಜು ಮಾಡುವದು, ವಿಮೆಯ ಕಂತನ್ನು ಗೊತ್ತುಮಾಡುವದು ಇವೆಲ್ಲಕ್ಕೂ ಗಣಿತವೂ ಪ್ರೋಗ್ರಾಮಿಂಗೂ ಬೇಕು. ಆದಕಾರಣ ಆ ತಂದೆಗೆ ನಾವು, “ಪೆಟ್ಟಿಗೆಯೇ ಈಗ ಬೀಗದೊಳಗೆ ಸೇರಿಕೊಂಡಿದೆ, ಖರ್ಚು ನೀರಿಗೆ ಹೋಗಲಿಲ್ಲ” ಎಂದು ಹೇಳಿದೆವು.

ಆದರೂ ಪದವಿಯೊಂದೇ ಸಾಲದು. ಲೆಕ್ಕಪತ್ರ, ಬಡ್ಡಿಯ ಸ್ವಭಾವ, ಕಾನೂನು ಇವನ್ನು ಮೊದಲಿನಿಂದ ಕಲಿಯಬೇಕು. ಅದಕ್ಕಿಂತಲೂ ಮುಖ್ಯವಾಗಿ, ಅಂಕಿಯ ಹಿಂದೆ ಇರುವ ಮನೆಯನ್ನು ಕಾಣಬೇಕು. ಇದರಲ್ಲಿ ಕೊಡಗಿನ ಮಗಳಿಗೆ ಒಂದು ಅನುಕೂಲವುಂಟು. 1942ರ ಕಾನೂನಿನ ಮೇರೆಗೆ ನಮ್ಮ ಕಾಫಿಯೆಲ್ಲವೂ ಕಾಫಿ ಮಂಡಳಿಯ ಮೂಲಕವೇ ಮಾರಾಟವಾಗುತ್ತಿತ್ತು. 1990ರ ದಶಕದಲ್ಲಿ ಆ ಕಟ್ಟು ಸಡಿಲಿ, 1996ರ ಹೊತ್ತಿಗೆ ಬೆಳೆಗಾರನು ತನ್ನ ಫಸಲನ್ನು ತಾನೇ ಮಾರುವಂತಾಯಿತು. ಅಂದಿನಿಂದ ರೊಬಸ್ಟಾದ ಧಾರಣೆಗೆ ಲಂಡನ್ನಿನ ಪೇಟೆಯನ್ನೂ ಅರೇಬಿಕಾದ ಧಾರಣೆಗೆ ನ್ಯೂಯಾರ್ಕಿನ ಪೇಟೆಯನ್ನೂ ನೋಡುವವರಾದೆವು. ಹೂಮಳೆ ತಪ್ಪಿದರೆ ಏನಾಗುವದು, ಧಾರಣೆ ಇಳಿದ ವರುಷ ಮನೆಯಲ್ಲಿ ಯಾವ ಶುಭಕಾರ್ಯವು ಮುಂದಕ್ಕೆ ಹೋಗುವದು ಎಂಬದನ್ನು ನಮ್ಮ ಹುಡುಗಿಯರು ಊಟದ ಹೊತ್ತಿನಲ್ಲಿಯೇ ಕೇಳಿ ಬೆಳೆದವರು. ನಷ್ಟದ ಸಂಭವವೆಂಬ ಪಾಠವನ್ನು ಅವರಿಗೆ ಹೊಸದಾಗಿ ಹೇಳಬೇಕಾಗಿಲ್ಲ.

ಜಮ್ಮಾ ಭೂಮಿಯ ಸಂಗತಿಯೂ ಹಾಗೆಯೇ. ಎಷ್ಟೋ ಒಕ್ಕಗಳಲ್ಲಿ ದಾಖಲೆಯಲ್ಲಿ ಹಿಂದಿನ ಪಟ್ಟೇದಾರರ ಹೆಸರು ಉಳಿದಿರುವದು. ದುಡಿದು ಉಣ್ಣುವವರು ಅನೇಕರು. ಮಾಲೀಕನ ಹೆಸರು ಒಂದೇ ಇರಬೇಕೆಂದು ಕೇಳುವ ಪ್ರೋಗ್ರಾಮು ಇಂಥವರ ಅರ್ಜಿಯನ್ನು ಕ್ಷಣದಲ್ಲಿ ತಳ್ಳಿಬಿಡಬಲ್ಲದು. ಅದನ್ನು ಬರೆಯುವ ಸ್ಥಳದಲ್ಲಿ ಒಕ್ಕದ ಮನೆಯನ್ನು ಬಲ್ಲವಳೊಬ್ಬಳು ಕುಳಿತಿದ್ದರೆ ಪರಿಣಾಮವು ಬೇರೆಯಾದೀತು. ನಮ್ಮ ಮಕ್ಕಳು ಈ ಕೆಲಸಕ್ಕೆ ಹೋಗಲಿ ಎಂದು ನಾವು ಅಪೇಕ್ಷಿಸುವದು ಮುಖ್ಯವಾಗಿ ಇದಕ್ಕಾಗಿಯೇ.

ದಾರಿಗಳನ್ನು ಸಂಕ್ಷೇಪವಾಗಿ ಹೇಳುವೆವು. ಸರಕಾರೀ ಬ್ಯಾಂಕುಗಳ ಪ್ರೊಬೇಷನರಿ ಆಫೀಸರ್ ಪರೀಕ್ಷೆಗೆ ಯಾವ ವಿಷಯದ ಪದವಿಯಾದರೂ ಸಾಕು. ಚಾರ್ಟರ್ಡ್ ಅಕೌಂಟೆಂಟ್ ಆಗಬಯಸುವವಳು ವಾಣಿಜ್ಯವನ್ನು ಓದದಿದ್ದರೂ, ಪದವಿಯಲ್ಲಿ ನೂರಕ್ಕೆ 60 ಅಂಕಗಳಿದ್ದರೆ ನೇರವಾಗಿ ಇಂಟರ್‌ಮೀಡಿಯೆಟ್ ಹಂತಕ್ಕೆ ಸೇರಬಹುದು. 2023ರ ಪದ್ಧತಿಯಂತೆ ಎರಡು ವರುಷ ಕೆಲಸದ ತರಬೇತಿಯಿರುವದು. ಎಂಬಿಎ ಓದುವದು ಮತ್ತೊಂದು ದಾರಿ. ಆದರೆ ಅದರ ಖರ್ಚು ಬಹಳ. ಮೊದಲ ಸಾಲವು ತೀರುವ ಮುನ್ನ ಎರಡನೆಯದನ್ನು ಹೊರಬಾರದೆಂದು ನಮ್ಮ ಸಲಹೆ. ಬೆಂಗಳೂರಿನಲ್ಲಿ ಬ್ಯಾಂಕುಗಳಿಗಾಗಿ ಸಾಫ್ಟ್‌ವೇರ್ ಮಾಡುವ ಕಛೇರಿಯೊಂದರಲ್ಲಿ ಒಂದೆರಡು ವರುಷ ದುಡಿದು, ಸಂಬಳವನ್ನೂ ಅನುಭವವನ್ನೂ ಪಡೆದು, ಆಮೇಲೆ ನಿಶ್ಚಯಿಸುವದು ಉತ್ತಮ. ಅಷ್ಟರಲ್ಲಿ ಮನೆಯ ತೋಟದ ಲೆಕ್ಕವನ್ನು ಒಂದು ವರುಷ ತಾನೇ ಬರೆಯಲಿ; ಮನಸ್ಸು ನಿಜವೋ ಅಲ್ಲವೋ ತಿಳಿಯುವದು.

ಒಂದು ಎಚ್ಚರಿಕೆ. ಮೊಬೈಲಿನಲ್ಲಿ ಷೇರುಗಳ ಮೇಲೆ ಪಣ ಕಟ್ಟುವದು ಹಣಕಾಸಿನ ಉದ್ಯೋಗವಲ್ಲ. ಫ್ಯೂಚರ್ಸ್, ಆಪ್ಷನ್ಸ್ ಎಂಬ ವ್ಯವಹಾರಕ್ಕಿಳಿದ ಸಾಮಾನ್ಯ ಜನರಲ್ಲಿ ನೂರಕ್ಕೆ 93 ಮಂದಿ ಮೂರು ವರುಷಗಳಲ್ಲಿ ನಷ್ಟಪಟ್ಟರೆಂದು ಸೆಬಿ ಸಂಸ್ಥೆಯು 2024ರಲ್ಲಿ ಪ್ರಕಟಿಸಿತು. ಕಂಪ್ಯೂಟರ್ ಬಲ್ಲೆವೆಂಬ ಧೈರ್ಯದಿಂದ ಯಾರೂ ಆ ಹೊಳೆಗೆ ಇಳಿಯದಿರಲಿ.

ತಲಾಂತುಗಳ ಸಾಮ್ಯವನ್ನು ನಮ್ಮ ವಿದ್ಯಾರ್ಥಿನಿಯರೆಲ್ಲರೂ ಬಲ್ಲರು. ಅದರಲ್ಲಿ ತಪ್ಪಿತಸ್ಥನಾದವನು ಕೊಟ್ಟದ್ದನ್ನು ನೆಲದಲ್ಲಿ ಹೂಳಿಟ್ಟವನೇ ಹೊರತು ವ್ಯಾಪಾರಕ್ಕೆ ಹಾಕಿದವರಲ್ಲ. ಮಗಳು ಕಲಿತ ವಿದ್ಯೆಯನ್ನು ಬೇರೊಂದು ಹೊಲದಲ್ಲಿ ಬಿತ್ತುವೆನೆಂದರೆ, ತಂದೆತಾಯಿಗಳೇ, ಹೆದರಬೇಡಿರಿ. ಲೆಕ್ಕವನ್ನು ಕೇಳಿರಿ, ಆಮೇಲೆ ಹರಸಿ ಕಳುಹಿಸಿರಿ. ಮಕ್ಕಳೇ, ಪರರ ಹಣವು ನಿಮ್ಮ ಕೈಗೆ ಬಂದಾಗ ಅದು ಯಾರ ಬೆವರೆಂಬದನ್ನು ಮರೆಯದಿರಿ. ದೇವರು ನಿಮ್ಮನ್ನು ಆಶೀರ್ವದಿಸಲಿ.