ಓಣಿ ಕೊಟ್ಟ ಹೊತ್ತು

2022ರ ಎಳ್ಳಾಮಾಸಿ ಡಿಸೆಂಬರ್ 23ಕ್ಕೆ ಬಂದಿತ್ತು. ನಾನಾಗ ಸಾರವಾಡದ ತವರುಮನೆಯಲ್ಲಿ ಬಾಣಂತಿ. ಹೊರಸಿನ ಬುಡಕ್ಕೆ ಕುಳ್ಳಿನ ಕೆಂಡ ಇಟ್ಟಿದ್ದರು, ಕಿವಿಗೆ ಅರಿವೆ ಕಟ್ಟಿದ್ದರು, ಮಗ್ಗುಲಲ್ಲಿ ಕೂಸು. ಊರಿಗೆ ಊರೇ ಚರಗ ಚೆಲ್ಲಲು ಹೊಲಕ್ಕೆ ಹೋಗಿತ್ತು. ಸಜ್ಜಿ ರೊಟ್ಟಿ, ಎಣ್ಣಿಗಾಯಿ ಬದನಿಕಾಯಿ, ಪುಂಡಿಪಲ್ಯ, ಕಡಬು ಎಲ್ಲ ಬುತ್ತಿ ಕಟ್ಟಿ ಅಣ್ಣ ವೈನಿಯನ್ನು ಬಂಡಿ ಹತ್ತಿಸಿದ ಅವ್ವ ತಾನು ಮಾತ್ರ ನನ್ನ ಸಲುವಾಗಿ ಹಿಂದೆ ಉಳಿದಿದ್ದಳು. ವರ್ಷಕ್ಕೊಮ್ಮೆ ಭೂತಾಯಿಗೆ ಉಣಿಸುವ ಹಬ್ಬವನ್ನು ಅವಳು ತಪ್ಪಿಸಿಕೊಂಡಿದ್ದನ್ನು ನಾನು ನೋಡಿರಲಿಲ್ಲ. ಡೋಣಿ ದಂಡೆಯ ಎರಿ ಹೊಲದಲ್ಲಿ ಬಿಳಿಜೋಳ ತೆನೆ ಹಾಯುವ ಆ ಹೊತ್ತಿನಲ್ಲಿ ಮನೆಯಲ್ಲಿ ಕೂರುವುದು ನಮ್ಮ ಕಡೆಯವರಿಗೆ ಆಗದ ಮಾತು.

ಆ ಮಧ್ಯಾಹ್ನ ಅವ್ವ ಟ್ರಂಕು ತೆಗೆದಳು. ತನ್ನ ಅತ್ತೆಯ ಇಳಕಲ್ ಸೀರೆ, ಅಪ್ಪನ ಮಾಸಿದ ಧೋತರ, ನಾನು ಸಾಲಿಗೆ ಹಾಕಿಕೊಂಡು ಹೋಗುತ್ತಿದ್ದ ಲಂಗ, ಗುಳೇದಗುಡ್ಡ ಖಣದ ಕುಬಸದ ಚೂರುಗಳು ಒಂದೊಂದಾಗಿ ನೆಲಕ್ಕೆ ಬಂದವು.

“ಕೂಸಿನ್ನ ತೊಟ್ಟಲದಾಗ ಹಾಕೂದ್ರಾಗ ಕೌದಿ ಆಗಬೇಕು,” ಅಂದಳು.

“ಯವ್ವಾ, ತೊಗರಿ ಕೊಯ್ಲು ಐತಿ, ನನ್ನ ಬಾಣಂತನ ಐತಿ. ಯಾವಾಗ ಹೊಲೀತಿ? ಪೇಟ್ಯಾಗ ಒಂದು ದುಪ್ಪಟಿ ತಂದ್ರಾತು.”

ಅವ್ವ ಉತ್ತರ ಕೊಡಲಿಲ್ಲ. ಸೀರೆಯ ಸೆರಗು ಬೇರೆ, ಮೈ ಬೇರೆ ಹರಿಯತೊಡಗಿದಳು.

ನಿಜ ಹೇಳಬೇಕೆಂದರೆ ಕೌದಿ ಬೇಸಿಗೆಯ ಕೆಲಸ. ಹಿಂಗಾರಿ ರಾಶಿ ಮುಗಿದು ಹೊಲ ಬರಿದಾದ ಮೇಲೆ, ಒಗೆದ ಅರಿವೆ ಗಳಿಗೆಯಲ್ಲಿ ಒಣಗುವ ಬಿಸಿಲಿನಲ್ಲಿ, ಗೋಡೆಯ ನೆರಳು ಹಿಡಿದು ಹೆಣ್ಣುಮಕ್ಕಳು ಕೌದಿ ಹಾಸಿಕೊಳ್ಳುತ್ತಾರೆ. ಡಿಸೆಂಬರದಲ್ಲಿ ಯಾರೂ ಆ ಗೋಜಿಗೆ ಹೋಗುವುದಿಲ್ಲ. ಆದರೆ ಕೂಸು ಬೇಸಿಗೆಯವರೆಗೆ ಕಾಯುವುದಿಲ್ಲವಲ್ಲ. ಹುಟ್ಟಿದ ಕೂಸಿನ ಮೈಗೆ ಹೊಸ ಅರಿವೆ ಒರಟು. ಎಷ್ಟೋ ಸಲ ಒಗೆದು ಒಗೆದು ನೂಲು ಸಡಿಲಾದ ಹತ್ತಿ ಮಾತ್ರ ಮೆತ್ತಗಿರುತ್ತದೆ, ಹಸಿಯನ್ನೂ ಹೀರಿಕೊಳ್ಳುತ್ತದೆ. ಈಗಿನ ನೈಲಾನ್, ಪಾಲಿಸ್ಟರ್ ಸೀರೆಗಳಿಂದ ಮಾಡಿದ ಕೌದಿಗೆ ಬಣ್ಣ ಇದೆ, ಈ ಗುಣ ಇಲ್ಲ. ಅದಕ್ಕೇ ಅವ್ವ ಹಳೆಯ ಹತ್ತಿ ಸೀರೆಗಳನ್ನು ಪಾತ್ರೆ ಮಾರುವವರಿಗೆ ಎಂದೂ ಹಾಕಿರಲಿಲ್ಲ.

ಅವಳ ದಿನ ಹೇಗಿತ್ತು ಹೇಳುತ್ತೇನೆ. ನಸುಕಿನಲ್ಲಿ ಕೋಳಿ ಕೂಗುವ ಮೊದಲು ಕಸ, ಹೆಂಡಿ. ಜಳಕ, ಲಿಂಗಪೂಜೆ. ಆಮೇಲೆ ಒಲೆ ಮುಂದೆ ಕೂತರೆ ಮನೆಯವರಿಗೆ, ಆಳುಗಳಿಗೆ ಬುಟ್ಟಿ ತುಂಬ ರೊಟ್ಟಿ. ಎಮ್ಮೆ ಹಿಂಡಬೇಕು. ನನಗೆ ಎಣ್ಣೆ ಹಚ್ಚಿ ಬಿಸಿನೀರು ಹಾಕಬೇಕು, ಕೂಸನ್ನು ಕಾಲ ಮೇಲೆ ಹಾಕಿಕೊಂಡು ಎರೆಯಬೇಕು, ಲೋಬಾನದ ಹೊಗೆ ಹಾಕಿ ಮಲಗಿಸಬೇಕು. ವೈನಿ ಹೊಲ ನೋಡುತ್ತಿದ್ದಳು, ಅವ್ವ ಮನೆ. ಕೆಲಸ ಇಬ್ಬರಿಗೂ ಮುಗಿಯುತ್ತಿರಲಿಲ್ಲ.

ಅದರ ಮೇಲೆ ಅಪ್ಪಾರ ಚಿಂತೆ. ನಾವು ಅಪ್ಪಾರು ಅನ್ನುವ, ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರ ಆರೋಗ್ಯ ಕೆಟ್ಟಿದೆ ಎಂಬ ಸುದ್ದಿ ಹಬ್ಬಿ, ಆಶ್ರಮದ ಮುಂದೆ ಜನ ಸೇರತೊಡಗಿದ ದಿನಗಳವು. ನಮ್ಮ ಭಾಗದವರಿಗೆ ಅವರು ದೂರದ ಗುರುಗಳಲ್ಲ. ಇಲ್ಲೇ ತಿಕೋಟಾ ತಾಲ್ಲೂಕಿನ ಬಿಜ್ಜರಗಿಯಲ್ಲಿ ಹುಟ್ಟಿದವರು. ಅಂಗಿಗೆ ಕಿಸೆ ಇಲ್ಲ, 2018ರಲ್ಲಿ ಬಂದ ಪದ್ಮಶ್ರೀಯೂ ಬೇಡವೆಂದವರು. ಅವ್ವನಿಗೆ ಇವೆಲ್ಲ ಗೊತ್ತಿದ್ದವು, ಆದರೆ ಅವಳು ಅವರನ್ನು ಹಚ್ಚಿಕೊಂಡಿದ್ದು ಬೇರೆಯೇ ಕಾರಣಕ್ಕೆ. ಅವರ ಪ್ರವಚನ ಬೆಳಿಗ್ಗೆ ಹೊತ್ತಿಗೆ ಸರಿಯಾಗಿ ಶುರುವಾಗಿ ಹೊತ್ತಿಗೆ ಸರಿಯಾಗಿ ಮುಗಿಯುತ್ತಿತ್ತು. ಕೇಳಿಕೊಂಡು ಬಂದು ಹೊಲಕ್ಕೆ ಹೋಗಬಹುದಿತ್ತು, ರೊಟ್ಟಿ ಬಡಿಯಬಹುದಿತ್ತು. ದುಡಿಯುವ ಮಂದಿಯ ಮೇಲೆ ಇದಕ್ಕಿಂತ ದೊಡ್ಡ ಕಕ್ಕುಲಾತಿ ಇಲ್ಲವೆಂದು ನಾನೂ ನಂಬುತ್ತೇನೆ. ಗಂಟೆಗಟ್ಟಲೆ ಕೂರಿಸಿ ದೇವರ ಮಾತು ಹೇಳುವವರಿಗೆ ಮನೆಯ ಒಲೆಯ ನೆನಪಿರುವುದಿಲ್ಲ, ಅಪ್ಪಾರಿಗೆ ಇತ್ತು.

ಇಷ್ಟರ ನಡುವೆ ಅವ್ವ ಕೌದಿಗೆ ಹೊತ್ತು ಮಾಡಿಕೊಂಡದ್ದು ಹೇಗೆ ಅಂದರೆ, ಪಕ್ಕದ ಮನೆಯ ಚಾಚಿಯನ್ನು ನೋಡಿ. ಚಾಚಿ ಐದು ಹೊತ್ತು ನಮಾಜಿನವಳು. ಶೇಂಗಾ ಒಡೆಯುತ್ತ ಕೂತಿರಲಿ, ಯಾರದೋ ಮದುವೆಯ ಮಾತು ರಂಗೇರಿರಲಿ, ಹೊತ್ತಾಯಿತೆಂದರೆ ಎದ್ದು ಹೋಗುತ್ತಿದ್ದಳು. ಯಾರೂ ಕೂರು ಅನ್ನುತ್ತಿರಲಿಲ್ಲ, ಯಾರೂ ಬೇಸರಿಸುತ್ತಿರಲಿಲ್ಲ. ಓಣಿಯೇ ಆ ಹೊತ್ತನ್ನು ಅವಳಿಗೆ ಬಿಟ್ಟುಕೊಟ್ಟಿತ್ತು. ಅವ್ವ ಮನೆಯವರೆದುರು ಹೇಳಿದಳು:

“ನಡು ಮಧ್ಯಾಹ್ನ ಉಂಡ ಮ್ಯಾಲೆ, ಚಾಚಿ ನಮಾಜ್ ಮುಗಿಸಿ ಬಂದಾಗಿಂದ ಮುಂದಿನ ನಮಾಜಿಗೆ ಏಳೂತನಕ ಆ ಹೊತ್ತು ನಂದು. ಎಮ್ಮಿ ಬಿಚ್ಚಿಕೊಂಡ್ರ ಅಣ್ಣ ಕಟ್ತಾನ. ಯಾರಾರ ಬಂದ್ರ ಚಹಾ ವೈನಿ ಕುದಸ್ತಾಳ. ನನ್ನ ಎಬ್ಬಿಸಬ್ಯಾಡ್ರಿ.”

ಜಗಳವಿಲ್ಲ, ಗೋಳಾಟವಿಲ್ಲ. ತನಗೆ ಬೇಕಾದ ಹೊತ್ತನ್ನು ಹೆಸರಿಟ್ಟು ಕೇಳಿದಳು. ನಮ್ಮ ಮನೆಯಲ್ಲಿ ಹೆಣ್ಣೊಬ್ಬಳು ಹಾಗೆ ಕೇಳಿದ್ದು ನನ್ನ ತಿಳುವಳಿಕೆಯಲ್ಲಿ ಅದೇ ಮೊದಲು.

ಕೌದಿ ಹೊಲಿಯುವುದು ಅಂಚಿನಿಂದ ಒಳಕ್ಕೆ. ಕೆಳಗೆ ಧೋತರದ ಅಸ್ತರ, ನಡುವೆ ಹಳೆಯ ಅರಿವೆಗಳ ಪದರು, ಮೇಲೆ ಬಣ್ಣದ ತುಂಡು. ಮೊದಲು ಉದ್ದುದ್ದ ಹೊಲಿಗೆ ಹಾಕಿ ಪದರುಗಳನ್ನು ಹಿಡಿದು ನಿಲ್ಲಿಸಬೇಕು, ಇಲ್ಲದಿದ್ದರೆ ಒಳಗಿನದು ಸರಿದು ಗಂಟುಗಟ್ಟುತ್ತದೆ. ಆಮೇಲೆ ದಪ್ಪ ದಾರ ಪೋಣಿಸಿ ನಾಲ್ಕೂ ಅಂಚಿನ ಗುಂಟ ಒಂದು ಸುತ್ತು. ಬೆರಳಗಲ ಬಿಟ್ಟು ಅದರೊಳಗೆ ಇನ್ನೊಂದು ಸುತ್ತು. ಹೀಗೆ ಸುತ್ತುತ್ತ ಬಂದು ನಡುವನ್ನು ಮುಟ್ಟಬೇಕು. ಆ ನಡುವಿಗೆ ನಮ್ಮ ಮನೆಯಲ್ಲಿ ಕೌದಿಯ ಹೊಟ್ಟೆ ಅನ್ನುತ್ತಾರೆ. ಹೊಟ್ಟೆಯನ್ನು ಬರಿದೇ ಮುಚ್ಚಬಾರದು, ರೊಟ್ಟಿಯ ಒಂದು ಚೂರಾದರೂ ಇಟ್ಟು ಹೊಲಿಯಬೇಕು. ಹಸಿದ ಕೌದಿ ಹೊದ್ದವರನ್ನು ಬೆಚ್ಚಗಿಡುವುದಿಲ್ಲ ಎಂಬುದು ಆಯಿಯ ಕಾಲದಿಂದ ಬಂದ ಮಾತು. ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಹೆಣ್ಣುಮಕ್ಕಳ ಕೌದಿಗಳು ಈಗ ಹೊರದೇಶದ ಪ್ರದರ್ಶನಗಳವರೆಗೂ ಹೋಗಿವೆ. ಅವರೂ ನಾಲ್ಕು ಮೂಲೆಗೆ ಮಡಿಸಿದ ತುಂಡಿನ ‘ಫುಲ’ ಇಡದೆ ಕೌದಿ ಮುಗಿಯಿತು ಅನ್ನುವುದಿಲ್ಲ. ಹೊಲಿಗೆ ಬಲ್ಲ ಹೆಣ್ಣುಮಕ್ಕಳು ಎಲ್ಲಿದ್ದರೂ ಕೊನೆಯ ಹೊಲಿಗೆಗೆ ಒಂದು ಮರ್ಯಾದೆ ಇಟ್ಟಿದ್ದಾರೆ.

ಅವ್ವ ಜಪಮಣಿ ಎಣಿಸಿದಂತೆ ಹೊಲಿಯುತ್ತಿದ್ದಳು. ಸೂಜಿ ಒಳಗೆ ಹೋದರೆ ಒಂದು ಸಲ ‘ಓಂ ನಮಃ ಶಿವಾಯ’, ಹೊರಗೆ ಬಂದರೆ ಇನ್ನೊಂದು ಸಲ. ತುಟಿ ಅಲುಗುವುದು ಕಾಣುತ್ತಿತ್ತು, ದನಿ ಇಲ್ಲ. ಹಾಗಂತ ಬೆಳಗಿನ ಲಿಂಗಪೂಜೆಯನ್ನು ಅವಳು ಕೌದಿಗೆ ಸೇರಿಸಿಬಿಡಲಿಲ್ಲ. ಹನ್ನೆರಡನೆಯ ಶತಮಾನದ ಶರಣರಲ್ಲಿ ಹೊಲಿಗೆಯೇ ಕಾಯಕವಾಗಿದ್ದ ಸೂಜಿಕಾಯಕದ ರಾಮಿತಂದೆ ಇದ್ದರು, ನೂಲುವ ಕದಿರ ರೆಮ್ಮವ್ವೆ ಇದ್ದಳು. ಅವರ ಹೆಸರು ಹೇಳಿ, “ಕೆಲಸಾನ ಪೂಜಿ ಅಲ್ಲೇನಬೇ” ಎಂದು ನಾನು ಕೇಳಿದ್ದುಂಟು. “ಅವರು ಲಿಂಗಾ ಬಿಟ್ಟು ಸೂಜಿ ಹಿಡದಿರಲಿಲ್ಲವಾ. ಎರಡೂ ಹಿಡದಿದ್ರು,” ಅಂದಳು. ಕೆಲಸವೇ ಪೂಜೆ ಎಂದು ಹೇಳಿ ಪೂಜೆಯ ಹೊತ್ತನ್ನೂ ಕೆಲಸಕ್ಕೆ ಕೊಟ್ಟುಬಿಡುವವರು ಇಂದು ಬಹಳ. ಅವ್ವನ ಮಾತು ಸರಿ. ಏನೂ ಮಾಡದೆ, ಬರೀ ಅಂಗೈಯ ಲಿಂಗವನ್ನು ನೋಡುತ್ತ ಕೂರುವ ಹೊತ್ತಿಗೆ ಬದಲಿ ಇಲ್ಲ.

ಜನವರಿ 2, ಸೋಮವಾರ, ವೈಕುಂಠ ಏಕಾದಶಿ. ಗುರುವಾರ ತೊಟ್ಟಿಲ ಕಾರ್ಯ ಇಟ್ಟಿದ್ದರು. ಕೌದಿ ಅರ್ಧಕ್ಕಿಂತ ತುಸು ಮುಂದೆ ಬಂದಿತ್ತು. ಸಂಜೆ ಅಪ್ಪಾರು ಲಿಂಗೈಕ್ಯರಾದ ಸುದ್ದಿ ಟಿವಿಯಲ್ಲಿ ಬಂತು. ಅವ್ವನ ಕೈಯಿಂದ ಅಕ್ಕಿಯ ಮೊರ ಜಾರಿತು. ಗುಡಿಯ ಮುಂದೆ ಜನ ಸೇರಿದ್ದು, ಯಾರೂ ಯಾರಿಗೂ ಏನೂ ಹೇಳದೆ ನಿಂತಿದ್ದು ನನಗೆ ಕಿಟಕಿಯಿಂದಲೇ ಕಂಡಿತು. ಮರುದಿನ ವಿಜಯಪುರದ ಸೈನಿಕ ಶಾಲೆಯ ಮೈದಾನದಲ್ಲಿ ಕೊನೆಯ ದರ್ಶನ; ಜಿಲ್ಲೆಗೇ ರಜೆ. ನಮ್ಮೂರಿಂದಲೂ ಟ್ರ್ಯಾಕ್ಟರುಗಳು ತಯಾರಾದವು.

ಅವ್ವ ನಸುಕಿನಲ್ಲಿ ಎದ್ದು ಪೂಜೆ ಮುಗಿಸಿ ಬಾಗಿಲಲ್ಲಿ ನಿಂತಳು. ನನ್ನನ್ನು ನೋಡಿದಳು, ಕೂಸನ್ನು ನೋಡಿದಳು, ಮಡಿಸಿಟ್ಟ ಕೌದಿಯನ್ನು ನೋಡಿದಳು. ಹೋಗಲಾರಳು, ಉಳಿಯಲಾರಳು. ಅಷ್ಟರಲ್ಲಿ ಚಾಚಿ ಬಂದಳು.

“ನೀ ಹೋಗಿ ಬಾ ಅಕ್ಕಾ. ಬಾಣಂತಿನ್ನ ನಾ ನೋಡ್ತೀನಿ.”

“ಕೌದಿ ಉಳೀತೈತಿ ಚಾಚಿ.”

“ಕೌದಿ ನಿಂದೊಬ್ಬಾಕಿದ ಏನು? ಹೋಗು.”

ಅಂದು ನಮ್ಮ ಪಡಸಾಲೆಯಲ್ಲಿ ಏನು ನಡೆಯಿತೋ ಅದನ್ನು ನಾನು ಹೊರಸಿನ ಮೇಲಿಂದಲೇ ಪೂರಾ ನೋಡಿದೆ. ಚಾಚಿಯ ಹಿಂದೆ ಮೊಣಕಾಲು ನೋವಿನ ದೊಡ್ಡವ್ವ ಬಂದಳು. ದನಕರು ಬಿಟ್ಟು ಹೋಗಲಾರದ ಹಿತ್ತಿಲ ಮನೆಯ ಅತ್ತಿ ಬಂದಳು. ನನ್ನ ಹಾಗೇ ಎಳೆಗೂಸಿನ ಇನ್ನೊಬ್ಬಳು ಮಗುವನ್ನು ನನ್ನ ಪಕ್ಕ ಮಲಗಿಸಿ ಸೂಜಿ ಹಿಡಿದಳು. ಇವರೆಲ್ಲ ವಿಜಯಪುರಕ್ಕೆ ಹೋಗಲಾರದವರು. ಅವರಿಗೂ ಅಪ್ಪಾರನ್ನು ಕೊನೆಯ ಸಲ ನೋಡುವ ಆಸೆ ಇತ್ತು. ಟಿವಿ ಹಚ್ಚಿದರು. ಕೌದಿಯನ್ನು ನಡುವೆ ಹಾಸಿ ನಾಲ್ಕೂ ಮಗ್ಗುಲಿಗೆ ಕೂತರು. ಪರದೆಯ ಮೇಲೆ ಅಪ್ಪಾರ ಮುಖ ಕಂಡಾಗ ಕೈ ಜೋಡಿಸುವುದು, ಮತ್ತೆ ಸೂಜಿ ಎತ್ತುವುದು. ಮೈದಾನದ ಸಾಲು ಮುಗಿಯುತ್ತಲೇ ಇರಲಿಲ್ಲ, ಇಲ್ಲಿಯ ದಾರವೂ. ಜೋಹರ್ ನಮಾಜಿಗೆ ಚಾಚಿ ಎದ್ದಾಗ ಅವಳ ಮಗ್ಗುಲನ್ನು ದೊಡ್ಡವ್ವ ಹೊಲಿದಳು. ದೊಡ್ಡವ್ವ ವಿಭೂತಿ ಹಚ್ಚಿಕೊಂಡು ಕೂತಾಗ ಅವಳ ಮಗ್ಗುಲನ್ನು ಚಾಚಿ ನೋಡಿಕೊಂಡಳು. ನಡುನಡುವೆ ಯಾರೋ ಒಬ್ಬರು ಎದ್ದು ನನಗೆ ಸಜ್ಜಕ ಕಾಸಿ ಕೊಟ್ಟರು, ಸಂಜೆಯ ರೊಟ್ಟಿಯನ್ನೂ ಬಡಿದರು.

ನಮ್ಮ ಕಡೆ ಹೊಲದ ಕೆಲಸಕ್ಕೆ ಮುಯ್ಯಿ ಆಳು ಎಂಬ ಪದ್ಧತಿ ಇದೆ. ಇಂದು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು; ಕೂಲಿಯ ಲೆಕ್ಕವಿಲ್ಲ. ಪ್ರಾರ್ಥನೆಗೂ ಮುಯ್ಯಿ ಆಗುತ್ತದೆಂದು ನಾನು ಅಂದು ಕಣ್ಣಾರೆ ಕಂಡೆ.

ರಾತ್ರಿ ಆಶ್ರಮದಲ್ಲಿ ಅಂತ್ಯಕ್ರಿಯೆ ನಡೆಯಿತು. ಸಮಾಧಿ ಬೇಡ, ಸ್ಮಾರಕ ಬೇಡ, ದೇಹವನ್ನು ಅಗ್ನಿಗೆ ಕೊಡಿ ಎಂದು ಅಪ್ಪಾರು ಮೊದಲೇ ಬರೆದಿಟ್ಟಿದ್ದರು. ಅವ್ವ ಮನೆಗೆ ಬಂದದ್ದು ಮರುದಿನದ ಬೆಳಗಿನ ಜಾವ. ಕಾಲು ಬಾತಿದ್ದವು, ದನಿ ಬಿದ್ದಿತ್ತು. ದಾರಿಯುದ್ದಕ್ಕೂ ಯಾರ್ಯಾರೋ ನೀರು ಕೊಟ್ಟರು, ಅನ್ನ ಕೊಟ್ಟರು ಅಂದಳು. ಜಳಕ ಮಾಡಿ ಪೂಜೆಗೆ ಕೂತು ಎದ್ದ ಮೇಲೆ ಪಡಸಾಲೆಯತ್ತ ನೋಡಿದಳು. ಕೌದಿ ಹಾಸಿತ್ತು. ಸುತ್ತುಗಳೆಲ್ಲ ಮುಗಿದಿದ್ದವು, ನಡುವೆ ಅಂಗೈಯಗಲದ ಜಾಗ ಮಾತ್ರ ಹೊಲಿಯದೆ ಬಿಟ್ಟಿದ್ದರು, ಸೂಜಿಯನ್ನು ಅಲ್ಲೇ ಚುಚ್ಚಿಟ್ಟಿದ್ದರು.

“ಹೊಟ್ಟಿ ತುಂಬೂದು ಮನಿಯಾಕಿ ಕೆಲಸ. ಅದಕ್ಕ ಬಿಟ್ಟೀವಿ,” ಅಂದಳು ಚಾಚಿ.

ಅವ್ವ ಅತ್ತಳು. ಹಿಂದಿನ ದಿನ ಅತ್ತದ್ದು ಅಪ್ಪಾರಿಗಾಗಿ, ಈ ಅಳು ಬೇರೆ. ಬುಟ್ಟಿಯಲ್ಲಿದ್ದ ರೊಟ್ಟಿಯ ಚೂರು ಮುರಿದು ಇಟ್ಟು, ತುಟಿಯಲ್ಲಿ ಮಂತ್ರ ಹೇಳುತ್ತ ಆ ಅಂಗೈಯಗಲವನ್ನು ತಾನೇ ಮುಗಿಸಿದಳು. ಗುರುವಾರ ಕೂಸನ್ನು ಆ ಕೌದಿ ಹಾಸಿದ ತೊಟ್ಟಿಲಿಗೆ ಹಾಕಿದರು. ವಾದ್ಯ ಇರಲಿಲ್ಲ, ಓಣಿಯವರೆಲ್ಲ ಇದ್ದರು.

ನಾನೀಗ ವಿಜಯಪುರದಲ್ಲಿ ನೌಕರಿ ಮಾಡುತ್ತೇನೆ. ಮಗಳು ಸಾಲಿಗೆ ಹೋಗುವಷ್ಟು ದೊಡ್ಡವಳಾಗಿದ್ದಾಳೆ. ಚಳಿಗಾಲದ ರಾತ್ರಿ ಅದೇ ಕೌದಿ ಹೊದ್ದು ಈ ಕಥೆಯನ್ನು ಮತ್ತೆ ಮತ್ತೆ ಕೇಳುತ್ತಾಳೆ. ನಮ್ಮ ಮನೆಯಲ್ಲೂ ಸಂಜೆಯ ಒಂದು ಹೊತ್ತು ನನ್ನದೆಂದು ಎಲ್ಲರಿಗೂ ಗೊತ್ತು. ಆಗ ನಾನು ಪೂಜೆಗೆ ಕೂರುತ್ತೇನೆ, ಆಮೇಲೆ ನಾಲ್ಕು ಸಾಲು ಹೊಲಿಯುತ್ತೇನೆ, ಒಲೆಯನ್ನು ಯಜಮಾನರು ನೋಡಿಕೊಳ್ಳುತ್ತಾರೆ. ಇಷ್ಟೆಲ್ಲ ಕೆಲಸದ ನಡುವೆ ಪುರಸೊತ್ತು ಹೇಗೆ ಸಿಗುತ್ತದೆ ಎಂದು ಕೇಳುವವರಿದ್ದಾರೆ. ಅದು ನನಗೆ ಸಿಕ್ಕಿದ್ದಲ್ಲ, ಮನೆಯವರು ಕೊಟ್ಟದ್ದು.

ನಿಮ್ಮ ಮನೆಯಲ್ಲೂ ಅವ್ವನೋ ಅತ್ತೆಯೋ ಹೆಂಡತಿಯೋ ಸೂಜಿ ಹಿಡಿದು ಕೂತಿದ್ದರೆ, ಇಲ್ಲವೇ ಕಣ್ಣು ಮುಚ್ಚಿ ಕೂತಿದ್ದರೆ, ದಯವಿಟ್ಟು ಎಬ್ಬಿಸಬೇಡಿ. ಒಲೆಯ ಮೇಲಿನ ಹಾಲನ್ನು ನೀವು ನೋಡಿಕೊಳ್ಳಿ, ಆ ಹೊತ್ತಿನ ರೊಟ್ಟಿಯನ್ನು ನೀವು ಬಡಿಯಿರಿ.